ಹೆದರಿಸುವ ಕಾದಂಬರಿಕಾರನೂ ಹಿಂಬಾಲಿಸುವ ಓದುಗನೂ

ಆಟಿ ತಿಂಗಳ ಮಳೆ ಹಿಡಿದರೆ ಪುತ್ತೂರು, ಸುಳ್ಯ, ಕಡಬಗಳ ಕಡೆ ಇರುಳು ಬೇಗನೆ ಇಳಿಯುತ್ತದೆ. ಇಲ್ಲಿ ಮನೆಗೆ ಮನೆ ತಾಗಿಕೊಂಡಿರುವ ಊರುಗಳು ಕಡಮೆ. ತೋಟದ ನಡುವೆ ಒಂಟಿಯಾಗಿ ನಿಂತ ಮನೆ. ಅಂಗಳದ ಆಚೆಗೆ ಕಂಗಿನ ಸಾಲು. ಅದರ ಆಚೆಗೆ ಗುಡ್ಡ, ಕಾಡು. ಗಾಳಿ ಬೀಸಿ ವಿದ್ಯುದ್ದೀಪ ಆರಿತೆಂದರೆ ಮತ್ತೆ ಕೇಳಿಸುವುದು ಸೋಗೆ ಬೀಳುವ ಸದ್ದು ಮತ್ತು ತೋಡಿನ ನೀರಿನ ಮೊರೆತ, ಇಷ್ಟೇ.

ಇಂಥ ಒಂದು ಇರುಳಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ ಭಯಾನಕ ಕಾದಂಬರಿಯೊಂದನ್ನು ಓದುತ್ತ ಕುಳಿತಿರುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಭಯವಾಗುತ್ತಿದೆ, ಹಿಂದಿರುಗಿ ಬಾಗಿಲ ಕಡೆ ನೋಡುತ್ತಾನೆ. ಆದರೂ ಪುಸ್ತಕವನ್ನು ಕೆಳಗಿಡುವುದಿಲ್ಲ. ಓದಿ ಮುಗಿಸಿದ ಮೇಲೆ ಅದೇ ಲೇಖಕರ ಬೇರೆ ಪುಸ್ತಕಗಳನ್ನು ಹುಡುಕುತ್ತಾನೆ. ಅವರ ಭಾವಚಿತ್ರವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಅವರು ಎಲ್ಲಿಯವರು, ಏನು ಓದಿದವರು, ಯಾವ ಊರಿನಲ್ಲಿ ಭಾಷಣ ಮಾಡಲಿದ್ದಾರೆ ಎಂದು ವಿಚಾರಿಸುತ್ತಾನೆ. ಕೊನೆಗೆ ಗೆಳೆಯರೊಡನೆ ಒಂದು ಪ್ರಶ್ನೆಯನ್ನು ಎತ್ತುತ್ತಾನೆ: “ಇಷ್ಟು ತಿಳಿದವರು ಬರೆದಿದ್ದಾರೆಂದ ಮೇಲೆ, ಇದರಲ್ಲಿ ಸ್ವಲ್ಪವಾದರೂ ನಿಜವಿರಬೇಕಲ್ಲವೆ?”

ನಾವು ಇಲ್ಲಿ ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನೇ. ನೋಡುವುದಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಇದಕ್ಕೆ ನಾವು ಕೊಡುವ ಉತ್ತರ ಎಷ್ಟೋ ಸಲ ಜೀವ ಮರಣಗಳ ಮಾತಾಗುವುದುಂಟು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಸೀಮೆಯಲ್ಲಿ ‘ಭೂತ’ ಎಂದರೆ ದೆವ್ವವಲ್ಲ. ಪಂಜುರ್ಲಿ, ಕಲ್ಕುಡ ಮೊದಲಾದವು ನಂಬಿದವರನ್ನು ಕಾಯುವ ದೈವಗಳೆಂದು ಇಲ್ಲಿಯ ಜನ ಕೋಲ ಕೊಟ್ಟು ಗೌರವಿಸುತ್ತಾರೆ. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ‘ಕುಲೆ’ ಎಂಬ ಬೇರೆಯ ಹೆಸರೇ ಇದೆ. ನಮ್ಮ ವಿಷಯ ಆರಾಧನೆಯಲ್ಲ. ಮಾಟ, ಮಂತ್ರ, ಕ್ಷುದ್ರಪ್ರಯೋಗಗಳನ್ನು ವಸ್ತುವಾಗಿ ಮಾಡಿಕೊಂಡು ಮಾರಾಟವಾಗುವ ಕತೆ, ಮತ್ತು ಅದನ್ನು ಓದುವ ಮನಸ್ಸು.

ಎರಡು ದಾರಿಯ ಕಾದಂಬರಿ

ಕನ್ನಡದ ಓದುಗರಲ್ಲಿ ಇಂಥ ಕುತೂಹಲವನ್ನು ಬಹುವಾಗಿ ಕೆರಳಿಸಿದ ಲೇಖಕರು ತೆಲುಗಿನವರಾದ ಯಂಡಮೂರಿ ವೀರೇಂದ್ರನಾಥರು. 1948ರಲ್ಲಿ ಹುಟ್ಟಿದ ಇವರು ವಿದ್ಯೆಯಿಂದ ಲೆಕ್ಕಪರಿಶೋಧಕರು. 1980ರ ದಶಕದ ಆರಂಭದಲ್ಲಿ ಇವರ ‘ತುಳಸಿದಳಂ’ ತೆಲುಗಿನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಕನ್ನಡಿಗರೂ ಅದನ್ನು ಅನುವಾದದಲ್ಲಿ ಓದಿದರು. 1985ರಲ್ಲಿ ‘ತುಳಸಿದಳ’ ಎಂಬ ಕನ್ನಡ ಚಲನಚಿತ್ರವೂ ಬಂದಿತು. ಭಯಾನಕ ಕತೆಗಳಷ್ಟೇ ಅಲ್ಲ, ಪ್ರೇಮಕತೆಗಳನ್ನೂ ಇವರು ಬರೆದರು. 1995ರ ‘ಬೆಳದಿಂಗಳ ಬಾಲೆ’ ಎಂಬ ಕನ್ನಡ ಚಿತ್ರ ಇವರದೊಂದು ಕಾದಂಬರಿಯ ಆಧಾರದ ಮೇಲೆ ತಯಾರಾದುದು. ಮುಂದೆ ಇವರು ಜೀವನದಲ್ಲಿ ಯಶಸ್ಸು ಗಳಿಸುವ ಬಗೆಯನ್ನು ಹೇಳುವ ಪುಸ್ತಕಗಳನ್ನು ಬರೆದು, ವಿದ್ಯಾರ್ಥಿಗಳಿಗೆ ಉಪನ್ಯಾಸಗಳನ್ನು ಕೊಟ್ಟು ಇನ್ನಷ್ಟು ಪ್ರಸಿದ್ಧರಾದರು.

‘ತುಳಸಿದಳ’ದ ಕತೆ ತುಳಸಿ ಎಂಬ ಪುಟ್ಟ ಬಾಲಕಿಯದು. ಹಣದ ಆಸೆಗೆ ಬಿದ್ದವರು ಅವಳ ಮೇಲೆ ‘ಕಾಷ್ಮೋರಾ’ ಎಂಬ ಕ್ಷುದ್ರಶಕ್ತಿಯನ್ನು ಪ್ರಯೋಗಿಸುತ್ತಾರೆ. ಹುಡುಗಿ ಸಾವಿನ ಬಾಗಿಲಿಗೆ ಹೋಗುತ್ತಾಳೆ. ಇಲ್ಲಿಯೇ ಲೇಖಕರ ಜಾಣ್ಮೆ ಇರುವುದು. ಅವರು ಒಂದೇ ದಾರಿಯನ್ನು ಹಿಡಿಯುವುದಿಲ್ಲ. ಒಂದು ಕಡೆ ವೈದ್ಯಶಾಸ್ತ್ರ, ಮನಶ್ಶಾಸ್ತ್ರಗಳ ವಿವರಣೆ. ಇನ್ನೊಂದು ಕಡೆ ಮಂತ್ರ ತಂತ್ರಗಳ ವಿವರಣೆ. ಎರಡೂ ಜೊತೆಜೊತೆಯಾಗಿಯೇ ಸಾಗುತ್ತವೆ. ಆದುದರಿಂದ ವಿಜ್ಞಾನವನ್ನು ನಂಬುವವನು ತನ್ನ ಪಕ್ಷ ಗೆದ್ದಿತೆಂದುಕೊಳ್ಳಬಹುದು. ಮಾಟವನ್ನು ನಂಬುವವನು ತನ್ನ ಪಕ್ಷವೇ ಗೆದ್ದಿತೆನ್ನಬಹುದು. ಕತೆಯಾಗಿ ಇದು ಬಲು ಸೊಗಸಾದ ಉಪಾಯ. ಪುಸ್ತಕ ಮುಚ್ಚಿದ ಮೇಲೂ ಓದುಗನ ಮನಸ್ಸಿನಲ್ಲಿ ತಕ್ಕಡಿ ತೂಗುತ್ತಲೇ ಇರುತ್ತದೆ.

ಎದೆ ಹೊಡೆದುಕೊಳ್ಳುವುದೇಕೆ?

ಬರಿಯ ಕಾಗದದ ಮೇಲಿನ ಅಕ್ಷರಗಳಿಗೆ ನಮ್ಮ ಎದೆ ಏಕೆ ಹೊಡೆದುಕೊಳ್ಳಬೇಕು? ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಬಾದಾಮಿಯ ಬೀಜದ ಆಕಾರದ ಎರಡು ಭಾಗಗಳಿವೆ. ಇವುಗಳಿಗೆ ಅಮಿಗ್ಡಲವೆಂದು ಹೆಸರು. ಅಪಾಯದ ಸುಳಿವನ್ನು ಗುರುತಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಸುಳಿವು ಸಿಕ್ಕಿತೋ, ನರಗಳ ಮೂಲಕ ದೇಹಕ್ಕೆಲ್ಲ ಎಚ್ಚರಿಕೆ ಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಅಂಗೈ ಬೆವರುತ್ತದೆ, ರೋಮ ನಿಮಿರುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹ ಸಿದ್ಧವಾಗುವ ಬಗೆ ಇದು. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ 1915ರಷ್ಟು ಹಿಂದೆಯೇ ಇದನ್ನು ವಿವರವಾಗಿ ಬರೆದ.

ಕಾಡಿನಲ್ಲಿ ಹುಲಿ ಎದುರಾದರೆ ಈ ಏರ್ಪಾಡು ಪ್ರಾಣ ಉಳಿಸೀತು. ಚಾಪೆಯ ಮೇಲೆ ಕುಳಿತು ಓದುವಾಗ ಓಡಬೇಕಾದ್ದೇನೂ ಇಲ್ಲ. ಮಿದುಳಿನ ಮುಂಭಾಗವು, “ಇದು ಕತೆ, ನೀನು ಮನೆಯಲ್ಲಿದ್ದೀಯೆ” ಎಂದು ಸಮಾಧಾನ ಹೇಳುತ್ತಲೇ ಇರುತ್ತದೆ. ಒಂದು ಕಡೆ ಉದ್ವೇಗ, ಇನ್ನೊಂದು ಕಡೆ ಅಭಯ. ಇವೆರಡೂ ಕೂಡಿದಾಗಲೇ ಭಯವು ರುಚಿಯಾಗುತ್ತದೆ. ಡೆನ್ಮಾರ್ಕಿನ ಆರ್ಹೂಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದೂ ನೋಡಿದರು. ಜನರನ್ನು ಹೆದರಿಸುವುದಕ್ಕಾಗಿಯೇ ಏರ್ಪಡಿಸಿದ ‘ದೆವ್ವದ ಮನೆ’ಯೊಂದಕ್ಕೆ ಬಂದ 110 ಮಂದಿಯ ಹೃದಯಬಡಿತವನ್ನು ಉಪಕರಣಗಳಿಂದ ದಾಖಲಿಸಿಕೊಂಡರು. 2020ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ತೀರ ಕಡಮೆ ಭಯಪಟ್ಟವರಿಗೂ ತೀರ ಹೆಚ್ಚು ಭಯಪಟ್ಟವರಿಗೂ ಅಷ್ಟಾಗಿ ಸಂತೋಷವಾಗಲಿಲ್ಲ. ಹದವಾಗಿ ಹೆದರಿದವರಿಗೇ ಹೆಚ್ಚಿನ ಸಂತೋಷ. ಉಪ್ಪಿನಕಾಯಿಯ ಖಾರದಂತೆಯೇ ಭಯಕ್ಕೂ ಒಂದು ಹದವುಂಟು ಎಂದಾಯಿತು. ಒಳ್ಳೆಯ ಭಯಾನಕ ಕಾದಂಬರಿಕಾರ ಈ ಹದವನ್ನು ಬಲ್ಲವನು. ಅವನ ಪುಸ್ತಕಕ್ಕೆ ಮತ್ತೆ ಮತ್ತೆ ಕೈ ಚಾಚುವುದರಲ್ಲಿ ದೋಷವೇನೂ ಇಲ್ಲ.

ಕಾಣದ ಗೆಳೆಯ

ಇನ್ನು ಪುಸ್ತಕದಿಂದ ಲೇಖಕನ ಕಡೆಗೆ ಮನಸ್ಸು ಹರಿಯುವ ಬಗೆ. ದಿನಗಟ್ಟಲೆ ಒಬ್ಬನ ಮಾತನ್ನು ಕೇಳುತ್ತಿದ್ದರೆ ಅವನು ನಮಗೆ ಪರಿಚಿತನೆಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ. 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು ರೇಡಿಯೋ, ಟೆಲಿವಿಷನ್‌ಗಳ ಪ್ರೇಕ್ಷಕರಲ್ಲಿ ಇದನ್ನು ಗುರುತಿಸಿದರು. ಇದು ಒಂದೇ ಕಡೆಯ ಗೆಳೆತನ: ನಾವು ಅವರನ್ನು ಬಲ್ಲೆವು, ಅವರು ನಮ್ಮನ್ನು ಅರಿಯರು.

ಇದರ ಜೊತೆಗೆ ಇನ್ನೊಂದು ಗುಣವೂ ನಮ್ಮ ಮನಸ್ಸಿಗಿದೆ. 1920ರಲ್ಲಿ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ಒಬ್ಬನ ಮೈಕಟ್ಟು ಚೆನ್ನಾಗಿದೆ ಎಂದವರು, ಅವನ ಬುದ್ಧಿಯೂ ನಡತೆಯೂ ಚೆನ್ನಾಗಿವೆ ಎಂದೇ ಅಂಕ ಹಾಕಿದ್ದರು. ಒಂದು ಗುಣದ ಬೆಳಕು ಪ್ರಭಾವಳಿಯಂತೆ ಉಳಿದ ಗುಣಗಳ ಮೇಲೆಲ್ಲ ಹರಡುತ್ತದೆ. ಲೆಕ್ಕದಲ್ಲಿ ನಿಪುಣರು, ಭಾಷಣದಲ್ಲಿ ವಿವೇಕಿಗಳು, ಆದುದರಿಂದ ಅವರು ಬರೆದ ಮಾಟವೂ ನಿಜವಿರಬೇಕು — ನಮ್ಮ ವಿದ್ಯಾರ್ಥಿಯ ತರ್ಕ ನಡೆದದ್ದು ಹೀಗೆ.

ಕತೆಯೆಂದು ತಿಳಿದಿದ್ದೂ ಹೀಗಾಗುವುದೆ ಎಂದು ಓದುಗರು ಕೇಳಬಹುದು. 2000ದಲ್ಲಿ ಗ್ರೀನ್ ಮತ್ತು ಬ್ರಾಕ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಕೊಲೆಯ ಕತೆಯನ್ನು ಓದಲು ಕೊಟ್ಟರು. ಅದು ನಡೆದ ಸಂಗತಿಯೆಂದು ಕೆಲವರಿಗೆ ಹೇಳಿದರು, ಕಟ್ಟುಕತೆಯೆಂದು ಕೆಲವರಿಗೆ ಹೇಳಿದರು. ಕತೆಯಲ್ಲಿ ಹೆಚ್ಚು ಮುಳುಗಿದವರ ಅಭಿಪ್ರಾಯಗಳು ಕತೆಯ ಕಡೆಗೆ ವಾಲಿದುವು. ‘ಕಟ್ಟುಕತೆ’ ಎಂಬ ಎಚ್ಚರಿಕೆ ಅದನ್ನು ತಡೆಯಲಿಲ್ಲ. ಇದು ಕಾದಂಬರಿಕಾರರ ತಪ್ಪಲ್ಲ. ಮುಳುಗಿಸುವುದು ಅವರ ಕಸಬು. ಮೇಲೆ ಬಂದು ಉಸಿರಾಡಿ, ಸುತ್ತ ನೋಡುವ ಕೆಲಸ ಓದುಗನದು.

ಬದುಕಿದ್ದು ಯಾವುದರಿಂದ?

ಕಾದಂಬರಿಯ ಎರಡು ದಾರಿಗಳು ಜೀವನದಲ್ಲಿಯೂ ಎದುರಾಗುತ್ತವೆ. ಮಗುವಿಗೆ ಅಪಸ್ಮಾರ ಬಂದಾಗ ಆಸ್ಪತ್ರೆಗೂ ಕೊಂಡೊಯ್ಯುತ್ತಾರೆ, ಮಂತ್ರವಾದಿಯಿಂದ ನೂಲನ್ನೂ ಕಟ್ಟಿಸುತ್ತಾರೆ. ಮಗು ಚೇತರಿಸಿಕೊಂಡರೆ ಕೀರ್ತಿ ಯಾರಿಗೆ? ಎರಡು ಚಿಕಿತ್ಸೆಗಳು ಒಟ್ಟಿಗೆ ನಡೆದಾಗ, ಗುಣವಾದುದನ್ನು ಮಾತ್ರ ನೋಡಿ ಕಾರಣವನ್ನು ನಿರ್ಧರಿಸಲು ಸಾಧ್ಯವೇ ಇಲ್ಲ. ಕಾರಣಗಳನ್ನು ಬೇರ್ಪಡಿಸಬೇಕು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಮಾಡಿದ್ದು ಇದನ್ನೇ. ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಎಲ್ಲರಿಗೂ ಒಂದೇ ಬಗೆಯ ಊಟ ಕೊಟ್ಟು, ಮದ್ದನ್ನು ಮಾತ್ರ ಗುಂಪಿಗೊಂದರಂತೆ ಬೇರೆ ಬೇರೆಯಾಗಿ ಕೊಟ್ಟ. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಓಡಾಡಿದರು. ಉಳಿದೆಲ್ಲವನ್ನೂ ಸಮನಾಗಿರಿಸಿ ಒಂದನ್ನು ಮಾತ್ರ ಬದಲಿಸುವುದು — ವಿಜ್ಞಾನದ ಮಂತ್ರವೇನಾದರೂ ಇದ್ದರೆ ಅದು ಇದೇ.

ನಮ್ಮ ಸೀಮೆಗೆ ಹೆಚ್ಚು ಹತ್ತಿರದ ಉದಾಹರಣೆಯೆಂದರೆ ಹಾವಿನ ಕಡಿತ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೆ ನಾಗನ ಸೇವೆಗಾಗಿ ದೂರ ದೂರದ ಜನ ಬರುತ್ತಾರೆ. ಹಾವಿನ ಮೇಲೆ ಭಕ್ತಿಯೂ ಉಂಟು, ಭಯವೂ ಉಂಟು. ತೋಟದಲ್ಲಿ ಹುಲ್ಲು ಹೆರೆಯುವಾಗ, ತರಗೆಲೆ ಒಟ್ಟುವಾಗ, ಬಿದ್ದ ಅಡಕೆ ಹೆಕ್ಕುವಾಗ ಕಡಿತಕ್ಕೆ ಸಿಕ್ಕುವವರು ದುಡಿಯುವ ಜನ.

ಈಗ ಒಂದು ಲೆಕ್ಕ ಮಾಡೋಣ. 100 ಮಂದಿಗೆ ಹಾವು ಕಡಿಯಿತೆಂದೂ, ಅವುಗಳಲ್ಲಿ 70 ವಿಷವಿಲ್ಲದ ಹಾವುಗಳೆಂದೂ ಇಟ್ಟುಕೊಳ್ಳೋಣ. ನಮ್ಮ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವೇ. ಉಳಿದ 30ರಲ್ಲಿಯೂ 10 ಹಾವುಗಳು ಕಚ್ಚಿಯೂ ವಿಷವನ್ನು ಬಿಡಲಿಲ್ಲವೆನ್ನೋಣ. ವಿಷದ ಹಾವುಗಳಲ್ಲಿ ಇಂಥ ಒಣಕಡಿತವೂ ಉಂಟು. ಈ 100 ಮಂದಿಯೂ ಮಂತ್ರವಾದಿಯ ಬಳಿಗೆ ಹೋದರೆ, ಅವನು ಏನನ್ನೂ ಮಾಡದಿದ್ದರೂ 80 ಮಂದಿ ಬದುಕುತ್ತಾರೆ. ಆ 80 ಮಂದಿ ಊರೂರಿಗೆ ಅವನ ಕೀರ್ತಿಯನ್ನು ಹಾಡುತ್ತಾರೆ. ನಿಜವಾಗಿ ವಿಷವೇರಿದ 20 ಮಂದಿಯಲ್ಲಿ ಸತ್ತವರು ಮಾತನಾಡುವುದಿಲ್ಲ. ‘ಅವರ ಆಯುಸ್ಸು ಮುಗಿದಿತ್ತು’ ಎಂದು ಜನ ಸುಮ್ಮನಾಗುತ್ತಾರೆ. ಹೀಗೆ ಮಂತ್ರಕ್ಕೆ ಸೋಲೇ ಇಲ್ಲದಂತಾಗುತ್ತದೆ. ಆದರೆ ಬದುಕಿಸಬಹುದಾಗಿದ್ದ ಜನ ಆ 20ರಲ್ಲಿಯೇ ಇದ್ದರು.

ಇದು ಬರಿಯ ಕಲ್ಪನೆಯ ನಷ್ಟವಲ್ಲ. 2000ದಿಂದ 2019ರ ವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಕುದುರೆಗಳ ರಕ್ತದಿಂದ ತಯಾರಿಸುವ ಪ್ರತಿವಿಷವು ಸಕಾಲದಲ್ಲಿ ದೊರೆತರೆ ಪ್ರಾಣ ಉಳಿಯುವ ಸಂಭವ ಬಹಳ ಹೆಚ್ಚು. ಕಡಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕೈಕಾಲನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಮಂತ್ರದ ಮನೆಯಲ್ಲಿ ಕಳೆದ ಒಂದು ಗಂಟೆಯನ್ನು ಯಾವ ವೈದ್ಯನೂ ಹಿಂದಕ್ಕೆ ತರಲಾರ. ‘ಸ್ವಲ್ಪವಾದರೂ ನಿಜವಿರಬೇಕು’ ಎಂಬ ಮಾತಿಗೆ ತೆರಬೇಕಾದ ಬೆಲೆ ಇದು.

ಅಭಿಮಾನಿಯ ಪತ್ತೇದಾರಿಕೆ

ಹಾಗಾದರೆ ಮೆಚ್ಚಿನ ಲೇಖಕನನ್ನು ಹಿಂಬಾಲಿಸುವುದೇ ಕೂಡದೆ? ಹಾಗೇನೂ ಇಲ್ಲ. ಹಿಂಬಾಲಿಸುವುದರಲ್ಲಿ ಎರಡು ಬಗೆಯುಂಟು. ಇದಕ್ಕೆ ಅಮೆರಿಕದ ಸ್ಟೀಫನ್ ಕಿಂಗ್ ಎಂಬ ಜಗತ್ಪ್ರಸಿದ್ಧ ಭಯಾನಕ ಕಾದಂಬರಿಕಾರನ ಓದುಗರೇ ನಿದರ್ಶನ. 1974ರಲ್ಲಿ ಇವನ ಮೊದಲನೆಯ ಕಾದಂಬರಿ ‘ಕ್ಯಾರಿ’ ಪ್ರಕಟವಾಯಿತು. ಮೇಯ್ನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ ಇವನು ಬಹುಕಾಲ ವಾಸವಾಗಿದ್ದ ಮನೆಗೆ ಬಾವಲಿಗಳ ಆಕೃತಿಯುಳ್ಳ ಕಬ್ಬಿಣದ ಗೇಟು. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ದೇಶವಿದೇಶಗಳ ಜನ ಬರುತ್ತಾರೆ. ಅಭಿಮಾನ ಮಿತಿಮೀರಿದರೆ ಏನಾದೀತೆಂಬುದನ್ನು ಕಿಂಗ್ ತಾನೇ 1987ರ ‘ಮಿಸರಿ’ ಎಂಬ ಕಾದಂಬರಿಯಲ್ಲಿ ಬರೆದ. ಅದರಲ್ಲಿ ಅಭಿಮಾನಿಯೊಬ್ಬಳು ತನ್ನ ಮೆಚ್ಚಿನ ಲೇಖಕನನ್ನು ಸೆರೆಯಲ್ಲಿಟ್ಟು ತನಗೆ ಬೇಕಾದ ಹಾಗೆ ಬರೆಯಿಸುತ್ತಾಳೆ.

ಗೇಟಿನ ಮುಂದೆ ನಿಲ್ಲದೆ ಹಿಂಬಾಲಿಸಿದವನು ಇನ್ನೊಬ್ಬ. 1977ರಿಂದ ‘ರಿಚರ್ಡ್ ಬಾಕ್ಮನ್’ ಎಂಬ ಹೆಸರಿನಲ್ಲಿ ಕೆಲವು ಕಾದಂಬರಿಗಳು ಬರತೊಡಗಿದ್ದುವು. ವಾಷಿಂಗ್ಟನ್ನಿನ ಪುಸ್ತಕದಂಗಡಿಯೊಂದರಲ್ಲಿ ನೌಕರನಾಗಿದ್ದ ಸ್ಟೀವ್ ಬ್ರೌನ್ ಎಂಬವನು ಅವುಗಳಲ್ಲೊಂದನ್ನು ಓದುತ್ತಿದ್ದಾಗ, ಇದು ಕಿಂಗನ ಶೈಲಿಯೇ ಎಂದು ಅವನಿಗೆ ತೋರಿತು. ತೋರಿದ ಮಾತ್ರಕ್ಕೆ ಅವನು ನಂಬಲಿಲ್ಲ. ರಾಷ್ಟ್ರದ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಗ್ರಂಥಸ್ವಾಮ್ಯದ ದಾಖಲೆಗಳನ್ನು ಪರಿಶೀಲಿಸಿದ. ಬಾಕ್ಮನ್‌ನ ಪುಸ್ತಕವೊಂದರ ದಾಖಲೆಯಲ್ಲಿ ಕಿಂಗನ ಹೆಸರೇ ಸಿಕ್ಕಿತು. 1985ರಲ್ಲಿ ಗುಟ್ಟು ರಟ್ಟಾಯಿತು. ಗಮನಿಸುವುದು, ಊಹಿಸುವುದು, ಊಹೆಯನ್ನು ಆಧಾರದಿಂದ ಪರೀಕ್ಷಿಸುವುದು — ಪ್ರಯೋಗಶಾಲೆಯ ಬಾಗಿಲನ್ನು ತುಳಿಯದೆಯೇ ಅವನು ವಿಜ್ಞಾನಿಯ ಕೆಲಸ ಮಾಡಿದ್ದ.

ಶೈಲಿಯನ್ನು ಲೆಕ್ಕದಿಂದ ಗುರುತಿಸುವ ಶಾಸ್ತ್ರವೂ ಬೆಳೆದಿದೆ. ಅಮೆರಿಕದ ರಾಜ್ಯಾಂಗಕ್ಕೆ ಸಂಬಂಧಿಸಿದ 12 ಅನಾಮಧೇಯ ಲೇಖನಗಳ ಕರ್ತೃವನ್ನು ಮಾಸ್ಟೆಲರ್ ಮತ್ತು ವಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರ ತಮ್ಮ ಗ್ರಂಥದಲ್ಲಿ ಸಣ್ಣ ಸಣ್ಣ ಪದಗಳನ್ನು ಎಣಿಸಿಯೇ ನಿರ್ಧರಿಸಿದರು. ದೊಡ್ಡ ಪದಗಳು ವಿಷಯಕ್ಕೆ ತಕ್ಕಂತೆ ಬದಲಾಗುತ್ತವೆ. ಸಣ್ಣ ಪದಗಳು ಲೇಖಕನ ಅರಿವಿಲ್ಲದ ಅಭ್ಯಾಸ. ಓದುಗರು ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಇಬ್ಬರು ಕನ್ನಡ ಲೇಖಕರ ಪುಸ್ತಕಗಳಿಂದ ಹತ್ತು ಹತ್ತು ಪುಟಗಳನ್ನು ಆರಿಸಿಕೊಂಡು, ‘ಮತ್ತು’, ‘ಹಾಗೂ’, ‘ಆದರೆ’, ‘ಆದುದರಿಂದ’ ಎಂಬ ಪದಗಳು ಸಾವಿರ ಪದಗಳಿಗೆ ಎಷ್ಟು ಸಲ ಬಂದಿವೆಯೆಂದು ಎಣಿಸಿರಿ. ಆಮೇಲೆ ಗೆಳೆಯನಿಂದ ಹೆಸರು ಮುಚ್ಚಿದ ಕೆಲವು ಪುಟಗಳನ್ನು ಪಡೆದು, ಅವು ಯಾರವೆಂದು ಊಹಿಸಿರಿ. ತಪ್ಪಿದ ಊಹೆಗಳನ್ನೂ ಬರೆದಿಡಬೇಕು. ಮಂತ್ರವಾದಿಯ ಲೆಕ್ಕದಲ್ಲಿ ಬಿಟ್ಟುಹೋಗುವುದು ಅವೇ ತಾನೆ?

ಬಾಲವನದ ಪಾಠ

ಈಗ ಮತ್ತೆ ಪುತ್ತೂರಿಗೆ ಬರೋಣ. ಈ ಊರಿನ ಬಾಲವನದಲ್ಲಿ ದಶಕಗಳ ಕಾಲ ವಾಸವಾಗಿದ್ದ ಶಿವರಾಮ ಕಾರಂತರು (1902–1997) ಭಯಾನಕ ಕಾದಂಬರಿಕಾರರಲ್ಲ. ಆದರೂ ನಂಬಿಕೆ, ಭಯ, ದೈವಗಳ ಲೋಕವು ಅವರ ಬರಹದಲ್ಲಿ ತುಂಬಿಕೊಂಡಿದೆ. 1933ರ ‘ಚೋಮನ ದುಡಿ’ಯಲ್ಲಿ ಪಂಜುರ್ಲಿಯ ಭಯಭಕ್ತಿ ಉಂಟು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ವಸ್ತುವೊಂದನ್ನು ಮುಟ್ಟಿದೊಡನೆ ಅದರ ಗತಕಾಲವನ್ನು ಕಾಣುವ ಅಜ್ಜಿಯೊಬ್ಬಳಿದ್ದಾಳೆ. ಅಂಥ ಶಕ್ತಿ ಲೋಕದಲ್ಲಿ ಉಂಟೆಂದು ನಂಬಿಸುವುದು ಆ ಕತೆಯ ಉದ್ದೇಶವಲ್ಲ. ದೇವರು, ಧರ್ಮ, ಸಂಸಾರಗಳನ್ನು ಕುರಿತು ನಾವು ಕೇಳಲು ಅಂಜುವ ಪ್ರಶ್ನೆಗಳನ್ನು ಅಜ್ಜಿಯ ಬಾಯಿಂದ ಕೇಳಿಸುವುದು ಉದ್ದೇಶ. ಇದೇ ಲೇಖನಿ 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆಯಿತು.

ಕಾರಂತರ ಓದುಗರೂ ಅವರ ಸಾರ್ವಜನಿಕ ಜೀವನವನ್ನು ಹಿಂಬಾಲಿಸಿದವರೇ. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದುದನ್ನು ಕಂಡರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದುದನ್ನು ಕಂಡರು. ಅವರನ್ನು ಮೆಚ್ಚಿದವರೆಲ್ಲರೂ ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿರಲಿಲ್ಲ. ಕತೆಯನ್ನು ಕತೆಯೆಂದು ಮೆಚ್ಚಿ, ಅಭಿಪ್ರಾಯವನ್ನು ಅಭಿಪ್ರಾಯವೆಂದು ತೂಗಿ, ಸಂಗತಿಯನ್ನು ಸಂಗತಿಯೆಂದು ಪರೀಕ್ಷಿಸುವುದು — ಲೇಖಕನಿಗೆ ಓದುಗನು ಸಲ್ಲಿಸಬಹುದಾದ ಗೌರವಗಳಲ್ಲಿ ಇದೇ ದೊಡ್ಡದು.

ಆದುದರಿಂದ ಮಳೆಯ ಇರುಳಿನಲ್ಲಿ ಭಯದ ಕಾದಂಬರಿಯನ್ನು ನಾವೆಲ್ಲರೂ ನಿಶ್ಚಿಂತೆಯಿಂದ ಓದೋಣ. ಎದೆ ಹೊಡೆದುಕೊಳ್ಳಲಿ, ರೋಮ ನಿಮಿರಲಿ. ಲೇಖಕರು ನಮ್ಮ ಊರಿಗೆ ಬಂದರೆ ಮುಂದಿನ ಸಾಲಿನಲ್ಲಿ ಕುಳಿತು ಅವರ ಭಾಷಣವನ್ನೂ ಕೇಳೋಣ. ಆದರೆ ಬೆಳಗಾದ ಮೇಲೆ ತೋಟದಲ್ಲಿ ಕೆಲಸದವರೊಬ್ಬರ ಕಾಲಿಗೆ ಹಾವು ಕಡಿಯಿತೆಂದು ಕೂಗು ಕೇಳಿಸಿದರೆ, ಆಗ ನೆನಪಾಗಬೇಕಾದ್ದು ಕಾದಂಬರಿಯ ಮಾಂತ್ರಿಕನಲ್ಲ, ಆಸ್ಪತ್ರೆಯ ದಾರಿ.